ಮೊಲಕ್ಕಲ್ಲ, ಮೊಟ್ಟೆಗೆ: ಕೊಡಗಿನ ತೋಟದ ಮನೆಗೊಂದು ಏರ್‌ಗನ್ ಆರಿಸುವ ಬಗೆ

ಜೂನ್ ಕೊನೆಯ ಒಂದು ಸಂಜೆ. ಮಳೆ ಹಿಡಿದು ಮೂರು ದಿನವಾಗಿತ್ತು, ಕರೆಂಟ್ ಹೋಗಿ ಎರಡು. ಮೊಬೈಲ್‌ನಲ್ಲಿ ಉಳಿದಿದ್ದ ಚೂರು ಚಾರ್ಜನ್ನು ಜೋಪಾನ ಮಾಡಿಕೊಂಡು ಕೂತಿದ್ದಾಗ ಬೆಂಗಳೂರಿನಿಂದ ಅಣ್ಣನ ಮಗ ಕರೆ ಮಾಡಿದ.

“ಅತ್ತೆ, ಈ ಸಲ ಕೈಲು ಮುಹೂರ್ತಕ್ಕೆ ಬರುವಾಗ ಒಂದು ಏರ್‌ಗನ್ ತರುತ್ತೇನೆ. ಮೊಲ ಹೊಡೆಯಲು ಯಾವುದು ಒಳ್ಳೆಯದು, ಹೇಳಿ.”

ಕೈಲು ಮುಹೂರ್ತವೆಂದರೆ ಸೆಪ್ಟೆಂಬರಿನಲ್ಲಿ ಬರುವ ನಮ್ಮ ಕೊಡವರ ಆಯುಧಪೂಜೆಯ ಹಬ್ಬ. ಅವನು ಯಾವುದೋ ವಿಡಿಯೊ ನೋಡಿದ್ದಾನೆ. ಅದರಲ್ಲಿ ಇಂಗ್ಲೆಂಡಿನವನೊಬ್ಬ ಬೇಲಿಯ ಮಗ್ಗುಲಲ್ಲಿ ಮಲಗಿ ಮೂವತ್ತು ಗಜ ದೂರದ ಮೊಲವನ್ನು ಸದ್ದಿಲ್ಲದೆ ಉರುಳಿಸುತ್ತಾನಂತೆ. ನಮ್ಮ ಗದ್ದೆಯ ಬದುವಿನಲ್ಲಿಯೂ ಮೊಲ ಇದೆಯಲ್ಲ, ಹೋದ ವರ್ಷ ನೀವು ಹಾಕಿದ್ದ ಬೀನ್ಸ್ ತಿಂದು ಹೋಯಿತಲ್ಲ ಎಂದು ನನ್ನ ದೂರನ್ನೇ ನನ್ನ ಮುಂದೆ ಸಾಕ್ಷಿಯಾಗಿ ತಂದು ನಿಲ್ಲಿಸಿದ.

ಅವನು ನನ್ನನ್ನು ಕೇಳಿದ್ದಕ್ಕೆ ಕಾರಣವಿದೆ. ಮಡಿಕೇರಿಯಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ 0.22 ರೈಫಲ್ ಹಿಡಿದವಳು ನಾನು. ಅಪ್ಪನ ಹಳೆಯ ಡಯಾನಾ 35 ಏರ್‌ಗನ್ ಇವತ್ತಿಗೂ ನನ್ನ ಬಳಿ ಇದೆ. ಊರಿನ ಕೈಲು ಮುಹೂರ್ತದ ಆಟಗಳಲ್ಲಿ ಏರ್‌ಗನ್‌ನಿಂದ ಮೊಟ್ಟೆ ಒಡೆಯುವ ಸ್ಪರ್ಧೆಯಲ್ಲಿ ಮೂರು ಸಲ ಬಹುಮಾನ ತಂದಿದ್ದೇನೆ. ಮೂರೂ ಸಲ ಬಂದದ್ದು ಸ್ಟೀಲ್ ಡಬ್ಬಿ. ಆ ಮಾತು ಬೇರೆ.

ಮೊಲದ ವಿಷಯ ಅರ್ಧ ನಿಮಿಷದಲ್ಲಿ ಮುಗಿಯಿತು. ಏರ್‌ಗನ್ನಿನ ವಿಷಯ ಮಾತ್ರ ಸೆಪ್ಟೆಂಬರ್‌ವರೆಗೆ ಎಳೆಯಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅವನಂತೆಯೇ ಕೇಳುವವರು ಪ್ರತಿ ಮಳೆಗಾಲದಲ್ಲಿಯೂ ಇಬ್ಬರು ಮೂವರು ಇರುತ್ತಾರೆ.

ಮೊದಲು ಮೊಲ

ಇಂಗ್ಲಿಷಿನಲ್ಲಿ ರ‍್ಯಾಬಿಟ್ ಬೇರೆ, ಹೇರ್ ಬೇರೆ. ಕನ್ನಡಕ್ಕೆ ಎರಡೂ ಮೊಲವೇ. ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ. ವಿಡಿಯೊದಲ್ಲಿರುವುದು ರ‍್ಯಾಬಿಟ್: ನೆಲದಡಿ ಬಿಲ ತೋಡಿ ಗುಂಪಾಗಿ ಬದುಕುತ್ತದೆ, ಮರಿಗಳು ಕಣ್ಣು ಮುಚ್ಚಿಕೊಂಡು ಮೈಮೇಲೆ ಕೂದಲಿಲ್ಲದೆ ಹುಟ್ಟುತ್ತವೆ, ವರ್ಷಕ್ಕೆ ಹಲವು ಸೂಲು. ಬ್ರಿಟನ್ನಿನಲ್ಲಿ ಅದು ಬೆಳೆಗೆ ದೊಡ್ಡ ಪೀಡೆ. 1880ರ ಕಾಯ್ದೆಯೊಂದು ಜಮೀನು ಮಾಡುವವನಿಗೆ ಅದನ್ನು ಹೊಡೆಯುವ ಹಕ್ಕು ಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಶಿಕಾರಿಯ ಮೋಜಿಗೆಂದು ಒಬ್ಬ ಜಮೀನ್ದಾರ ಬಿಟ್ಟ ಎರಡು ಡಜನ್ ರ‍್ಯಾಬಿಟ್‌ಗಳು ಹೆಚ್ಚಿ ಹೆಚ್ಚಿ ದೇಶದ ಹುಲ್ಲುಗಾವಲನ್ನೇ ಬೋಳಿಸಿದವು. ಅಲ್ಲಿಯ ರೈತ ಏರ್‌ಗನ್ ಹಿಡಿಯುವುದಕ್ಕೆ ಅಲ್ಲಿಯ ಕಾರಣವಿದೆ.

ನಮ್ಮ ಬದುವಿನಲ್ಲಿರುವುದು ಹೇರ್, ಕತ್ತಿನ ಹಿಂಬದಿಯಲ್ಲಿ ಕಪ್ಪು ಪಟ್ಟೆ ಇರುವ ಕಾಡುಮೊಲ. ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತನ್ನ ಮೈಯಳತೆಗೆ ಒಂದು ಗುಳಿ ಮಾಡಿಕೊಂಡು ಹಗಲೆಲ್ಲ ಅಲ್ಲಿ ಒಂಟಿಯಾಗಿ ಮಲಗಿರುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ಹುಲ್ಲು ಕೊಯ್ಯುವಾಗ ನನ್ನ ಕತ್ತಿಯ ತುದಿಯಿಂದ ಒಂದು ಗೇಣು ದೂರದಲ್ಲಿ ಅಂಥ ಮರಿಯೊಂದು ಕೂತಿತ್ತು. ಕಿವಿ ಮೈಗಂಟಿಸಿ ಕದಲದೆ ಕೂತಿದ್ದರೂ ಮೂಗಿನ ತುದಿ ಮಾತ್ರ ಮಿಡಿಯುತ್ತಿತ್ತು. ಆ ಒಂದು ಮಾರು ಜಾಗದ ಹುಲ್ಲು ಆ ವಾರ ಹಸುವಿಗೆ ಸಿಗಲಿಲ್ಲ.

ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲು ಇಪ್ಪತ್ತೈದು ಸಾವಿರವಿದ್ದ ದಂಡವನ್ನು 2022ರ ತಿದ್ದುಪಡಿಯಲ್ಲಿ ಏರಿಸಿದರು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯಂಥ ಅಭಯಾರಣ್ಯದೊಳಗಾದರೆ ಶಿಕ್ಷೆ ಇನ್ನೂ ಬಿಗಿ. ಅನುಮತಿಯಿಲ್ಲದೆ ಅಲ್ಲಿ ಆಯುಧ ಹಿಡಿದು ಕಾಲಿಡುವುದೇ ಅಪರಾಧ. “ನಮ್ಮದೇ ಬಾಣೆ, ನಮ್ಮದೇ ತೋಟ” ಎಂಬ ವಾದ ನಿಲ್ಲುವುದಿಲ್ಲ, ಕಾಯ್ದೆ ಜಮೀನು ಯಾರದೆಂದು ಕೇಳುವುದಿಲ್ಲ. “ಗುರಿ ತಪ್ಪಿತು, ಸಾಯಲಿಲ್ಲ” ಎಂದರೂ ಉಪಯೋಗವಿಲ್ಲ. ಬೇಟೆ ಎಂಬ ಪದದ ವ್ಯಾಖ್ಯೆಯಲ್ಲಿಯೇ ಬೇಟೆಯ ಪ್ರಯತ್ನವೂ ಸೇರಿದೆ.

“ನಮಗೆ ವಿನಾಯಿತಿ ಇದೆಯಲ್ಲ, ಅತ್ತೆ?”

ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. ಈಗಿನ ಆದೇಶದಂತೆ 2029ರವರೆಗೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಆಯುಧ ಕಾಯ್ದೆಯದು. ಕೋವಿ ಇಟ್ಟುಕೊಳ್ಳುವ ಹಕ್ಕಿನಲ್ಲಿ ಮೊಲ ಸೇರಿಲ್ಲ. ಹಿಂದೆ ಕೈಲು ಮುಹೂರ್ತ ಎಂದರೆ ನಾಟಿ ಮುಗಿಸಿ ಬೇಟೆಗೆ ಹೊರಡುವ ದಿನವಾಗಿತ್ತು ನಿಜ. ನನ್ನ ಅಜ್ಜ ಹೋಗಿದ್ದಾರೆ. ಈಗ ಆಯುಧಗಳನ್ನು ಮನೆಯ ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿಟ್ಟು, ತೋಕ್‌ಪೂ ಎಂಬ ಹೂ ಮುಡಿಸಿ, ಪೂಜೆ ಮಾಡಿ, ಊಟ ಮುಗಿಸಿ, ಮೈದಾನಕ್ಕೆ ಹೋಗಿ ಮರದ ತುದಿಯ ತೆಂಗಿನಕಾಯಿಗೆ ಹೊಡೆಯುತ್ತೇವೆ. ಅಲ್ಲೇ ಪಕ್ಕದಲ್ಲಿ ಏರ್‌ಗನ್ನಿನವರ ಮೊಟ್ಟೆ.

ಬೀನ್ಸ್‌ಗೆ ಪರಿಹಾರ ಬೇಕಿದ್ದರೆ ಅದು ಬಂದೂಕಿನಂಗಡಿಯಲ್ಲಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಮೂರಡಿ ಎತ್ತರದ ಕೋಳಿಬಲೆ, ಬುಡವನ್ನು ಅರ್ಧ ಅಡಿ ಹೊರಕ್ಕೆ ಮಡಚಿ ಮೇಲೆ ಕಲ್ಲು. ಎಳೆಯ ಗಿಡಗಳಿಗೆ ಸೀಳಿದ ಬಿದಿರಿನ ಗೂಡು. ಈ ವರ್ಷ ಬೀನ್ಸ್ ಉಳಿದಿದೆ. ತಿಂದಿರುವುದು ಬಸವನಹುಳು. ಅದಕ್ಕೆ ಯಾವ ಕೋವಿಯೂ ಇಲ್ಲ.

ಶಕ್ತಿಯ ಲೆಕ್ಕ

ಈಗ ಬಂದೂಕಿಗೆ ಬರೋಣ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂದರೆ 0.177 ಇಂಚು ಮೀರದ, ಶಕ್ತಿ 20 ಜೌಲ್ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಎರಡರಲ್ಲಿ ಒಂದು ಮೀರಿದರೂ ಬೇಕು. ಬ್ರಿಟನ್ನಿನ ಮೊಲದ ಬೇಟೆಗಾರರಲ್ಲಿ ಹಲವರು ಮೆಚ್ಚುವುದು 0.22 ಅಳತೆಯ ಭಾರದ ಗುಂಡನ್ನು. ಅವರ ವಿಡಿಯೊ ನೋಡಿ ಇಲ್ಲಿ ಅದನ್ನೇ ಹುಡುಕಿದರೆ ತೊಂದರೆ ಮನೆಗೆ ಬಂದಂತೆ. ತಮಾಷೆಯೆಂದರೆ ಇಂಗ್ಲೆಂಡಿನಲ್ಲಿ ಪ್ರಮಾಣಪತ್ರವಿಲ್ಲದ ಏರ್ ರೈಫಲ್ಲಿನ ಮಿತಿ 12 ಅಡಿ-ಪೌಂಡ್, ಸುಮಾರು 16 ಜೌಲ್. ನಮ್ಮದಕ್ಕಿಂತ ಕಡಿಮೆ. ಅಷ್ಟರಲ್ಲಿಯೇ ಅವರ ಕೆಲಸ ನಡೆಯುತ್ತದೆ.

ಪೇಟೆಯ ಅಂಗಡಿಯೊಂದಕ್ಕೆ ನಾವಿಬ್ಬರೂ ಹೋದೆವು. ಹೆಸರು ಬೇಡ. ಹುಡುಗ ಡಬ್ಬಿ ಎತ್ತಿ ತೋರಿಸಿದ: “ಸೆಕೆಂಡಿಗೆ ಸಾವಿರ ಅಡಿ ಮೇಡಂ.” ನಮ್ಮವನ ಕಣ್ಣು ಅರಳಿತು. ನಾನು ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದೆ. ಲೆಕ್ಕ ಸುಲಭ: ಗುಂಡಿನ ತೂಕ ಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ. ವೇಗವನ್ನು ವೇಗದಿಂದಲೇ ಗುಣಿಸಿ, ತೂಕದಿಂದ ಗುಣಿಸಿ, ಎರಡು ಸಾವಿರದಿಂದ ಭಾಗಿಸಿದರೆ ಜೌಲ್ ಸಿಗುತ್ತದೆ. ಸಾವಿರ ಅಡಿ ಎಂದರೆ 305 ಮೀಟರ್. ಅರ್ಧ ಗ್ರಾಂ ಗುಂಡು ನಿಜವಾಗಿ ಅಷ್ಟು ವೇಗದಲ್ಲಿ ಹೋದರೆ 23 ಜೌಲ್. ಡಬ್ಬಿಯ ಮಾತು ನಿಜವಾದರೆ ಅದು ಪರವಾನಗಿ ಬೇಕಾದ ಬಂದೂಕು, ಪರವಾನಗಿ ಬೇಡವಾದರೆ ಡಬ್ಬಿಯ ಮಾತು ಸುಳ್ಳು. ಹುಡುಗ ತಲೆ ಕೆರೆದುಕೊಂಡ. ಸಾಮಾನ್ಯವಾಗಿ ಆಗುವುದೇನೆಂದರೆ, ಸೀಸದ ಬದಲು ತೀರಾ ಹಗುರವಾದ ಮಿಶ್ರಲೋಹದ ಗುಂಡು ಹಾಕಿ ಅಳೆದ ವೇಗವನ್ನು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ.

ಅರ್ಧ ಗ್ರಾಂ ಗುಂಡು 200 ಮೀಟರ್ ವೇಗದಲ್ಲಿ ಹೋದರೆ 10 ಜೌಲ್. ಮೊಟ್ಟೆಗೆ ಅಷ್ಟು ಧಾರಾಳ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ರೈಫಲ್‌ಗಳು ಹತ್ತು ಜೌಲನ್ನೂ ಮುಟ್ಟುವುದಿಲ್ಲ. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್.

ಸ್ಪ್ರಿಂಗೋ, ತುಂಬಿದ ಗಾಳಿಯೋ

ಏರ್‌ಗನ್ನಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿ, ಸ್ಪ್ರಿಂಗ್ ಏರಿಸುವುದು. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಗುಂಡನ್ನು ದೂಡುತ್ತದೆ. ಸ್ಪ್ರಿಂಗಿನ ಜಾಗದಲ್ಲಿ ಅನಿಲ ತುಂಬಿದ ಕೊಳವೆ ಇರುವುದೂ ಇದೇ ಜಾತಿ. ಇನ್ನೊಂದು ಪಿಸಿಪಿ: ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಂಡು ಹತ್ತಾರು ಗುಂಡು ಹೊಡೆಯುವಂಥದ್ದು. ಅದರಲ್ಲಿ ಜರ್ಕ್ ಇಲ್ಲವೆನ್ನುವಷ್ಟು ಕಡಿಮೆ, ಕಲಿಯುವವರಿಗೂ ಗುರಿ ಕೂರುತ್ತದೆ. ಆದರೆ ಬೆಲೆ ಹೆಚ್ಚು, ಜೊತೆಗೆ ವಿಶೇಷ ಪಂಪ್ ಬೇಕು, ರಬ್ಬರ್ ಬಳೆಗಳು ಸವೆದರೆ ರಿಪೇರಿಗೆ ಬೆಂಗಳೂರಿಗೇ ಹೋಗಬೇಕು. ಸೈಕಲ್ ಪಂಪ್ ಸಾಲುತ್ತದೆ ಎಂದುಕೊಂಡವರೂ ಇದ್ದಾರೆ. ಅದು ಇನ್ನೂರು ಪಟ್ಟು ವಾಯುಭಾರದ ಕೆಲಸ.

ಗೋಣಿಕೊಪ್ಪದಿಂದ ಏಳೆಂಟು ಕಿಲೋಮೀಟರ್ ಒಳಗೆ, ಜುಲೈನಲ್ಲಿ ರಸ್ತೆಯೇ ಇರದ ಮನೆಯಲ್ಲಿ ಕೂತು ನಾನು ಸ್ಪ್ರಿಂಗಿನ ಪಕ್ಷ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಾಗೆ ಪಿಸಿಪಿಯವರು ನನ್ನ ಜೊತೆ ವಾದಿಸುತ್ತಾರೆ, ವಾದಿಸಲಿ.

ಸ್ಪ್ರಿಂಗ್ ಬಂದೂಕನ್ನು ಅಂಗಡಿಯಲ್ಲಿ ಪರೀಕ್ಷಿಸುವಾಗ ನಾನು ನೋಡುವುದು ಇಷ್ಟು. ಮೊದಲು ಉದ್ದ. ಮೊಣಕೈ ಮಡಚಿ ಬಂದೂಕಿನ ಹಿಂದಿನ ತುದಿಯನ್ನು ಮೊಣಕೈ ಒಳಮಡಿಕೆಗೆ ಕೊಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಸಲೀಸಾಗಿ ಕೂರಬೇಕು. ಕೈ ಚಾಚಬೇಕಾಗಿ ಬಂದರೆ ಅದು ನಿಮಗಿಂತ ಉದ್ದದವರ ಬಂದೂಕು. ನನ್ನ ಎತ್ತರ ಐದಡಿ ಒಂದಂಗುಲ. ಅಪ್ಪನ ಡಯಾನಾದ ಹಿಂಬದಿಯನ್ನು ಬಡಗಿಯಿಂದ ಒಂದು ಅಂಗುಲ ಕೊಯ್ಯಿಸಿದ ದಿನವೇ ನನ್ನ ಗುರಿ ಸುಧಾರಿಸಿತು. ಅಪ್ಪ ಎರಡು ದಿನ ಮಾತಾಡಿಸಲಿಲ್ಲ.

ಆಮೇಲೆ ನಳಿಗೆಯನ್ನು ಹತ್ತು ಸಲ ಮುರಿದು ಏರಿಸಿ ನೋಡಿ. ಅಂಗಡಿಯವನು ಬೇಸರಪಟ್ಟುಕೊಂಡರೂ ಸರಿ. ಹತ್ತನೆಯ ಸಲಕ್ಕೆ ತೋಳು ನಡುಗಿದರೆ ಆ ಬಂದೂಕಿನಿಂದ ಒಂದು ಸಂಜೆಗೆ ಐವತ್ತು ಗುಂಡು ಅಭ್ಯಾಸ ಮಾಡುವುದು ಕನಸು. ಜೋರಾದ ಬಂದೂಕು ಕೊಂಡು ಮೂಲೆಯಲ್ಲಿ ನಿಲ್ಲಿಸಿದವರ ಮನೆಗಳು ನಮ್ಮ ಸುತ್ತ ನಾಲ್ಕಾದರೂ ಇವೆ. ಏರಿಸಿದ್ದನ್ನು ಗುಂಡಿಲ್ಲದೆ ಬಿಡಬಾರದು ಎಂಬುದು ನೆನಪಿರಲಿ. ಮುಂದೆ ತಡೆಯೊಡ್ಡುವ ಗುಂಡಿಲ್ಲದಿದ್ದರೆ ಪಿಸ್ಟನ್ ನೇರ ಹೋಗಿ ಗೋಡೆಗೆ ಬಡಿಯುತ್ತದೆ, ಸೀಲ್ ಹರಿಯುತ್ತದೆ. ಹಾಗಾಗಿ ಪ್ರತಿ ಸಲವೂ ನಳಿಗೆಯನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ, ಬಂದೂಕಿನ ರೀತಿ ಗೊತ್ತಿರುವವರೇ ನಿಧಾನವಾಗಿ ಇಳಿಸಬೇಕು.

ಈ “ಬಿಗಿಯಾಗಿ ಹಿಡಿದುಕೊಂಡೇ” ಎಂಬುದನ್ನು ಎರಡನೆಯ ಸಲ ಓದಿ. ಗುಂಡು ಇಡುವಾಗ ಒಂದು ಕೈ ನಳಿಗೆಯನ್ನು ಬಿಡಲೇಕೂಡದು. ಸ್ಪ್ರಿಂಗನ್ನು ಹಿಡಿದಿರುವ ಕೊಕ್ಕೆ ಜಾರಿದರೆ ನಳಿಗೆ ಚಟಾರನೆ ಮೇಲಕ್ಕೆ ಬಂದು ಮುಚ್ಚಿಕೊಳ್ಳುತ್ತದೆ, ನಡುವೆ ಬೆರಳಿದ್ದರೆ ಬೆರಳು. ನನ್ನ ಅಣ್ಣನ ಎಡಗೈ ಹೆಬ್ಬೆರಳಿನ ಉಗುರು ಇಂದಿಗೂ ಎರಡು ಹೋಳಾಗಿಯೇ ಬೆಳೆಯುತ್ತದೆ. ಅವನು ಮಗನಿಗೆ ಅದನ್ನು ಹೇಳಿದ್ದೇ ಬೇರೆ, ಹಲಸಿನಕಾಯಿ ಕೊಯ್ಯುವಾಗ ಆದದ್ದೆಂದು.

ನಳಿಗೆ ಮುಚ್ಚಿದ ಮೇಲೆ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೂದಲೆಳೆಯಷ್ಟು ಅಲ್ಲಾಡಿದರೂ ಬೇಡ. ಅಂಗಡಿಯಲ್ಲಿ ಹೊಡೆದು ನೋಡಲು ಜಾಗವಿದ್ದರೆ ನಳಿಗೆಯ ಕೀಲಿನ ಮೇಲೆ ಒಂದು ಎಳೆ ಟಿಶ್ಯೂ ಕಾಗದ ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ ಎಂದರ್ಥ. ಗುರುತಿನ ಚೀಟಿಯ ನಕಲು ಕೊಟ್ಟು, ಬಂದೂಕಿನ ಸಂಖ್ಯೆ, ಒಳವ್ಯಾಸ ಬರೆದ ರಸೀದಿ ಪಡೆಯಿರಿ. ಆ ರಸೀದಿಯ ಫೋಟೊ ಮೊಬೈಲಿನಲ್ಲಿರಲಿ. ಬಂದೂಕಿನೊಡನೆ ಚೆಕ್‌ಪೋಸ್ಟ್ ದಾಟುವಾಗ ಬೇಕಾಗುತ್ತದೆ.

ದುರ್ಬೀನು ಆಮೇಲೆ

ಅಣ್ಣನ ಮಗನಿಗೆ ಬಂದೂಕಿಗಿಂತ ದುರ್ಬೀನಿನ ಮೇಲೆ ಆಸೆ. ಮೊದಲ ವರ್ಷ ಬೇಡವೆಂದೆ. ಹಿಂದಿನ ಸೈಟಿನ ಕಚ್ಚು, ಮುಂದಿನ ಸೈಟಿನ ಮೊನೆ, ಅದರಾಚೆ ಗುರಿ. ಇವು ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲು ಕಣ್ಣಿನಿಂದಾಗುವುದಿಲ್ಲ. ಮುಂದಿನ ಮೊನೆ ಸ್ಪಷ್ಟವಾಗಿರಲಿ, ಮೊಟ್ಟೆ ಸ್ವಲ್ಪ ಮಸುಕಾಗಿರಲಿ. ಇದು ರೂಢಿಯಾದ ಮೇಲೆ ದುರ್ಬೀನು.

ಕೊಳ್ಳುವುದೇ ಆದರೆ ಏರ್‌ಗನ್ನಿಗೆಂದೇ ಮಾಡಿದ್ದನ್ನು ಕೊಳ್ಳಿ. ಸಾಮಾನ್ಯ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಬಂದೂಕು ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ಕೊನೆ ಮುಟ್ಟಿದಾಗ ಮುಂದಕ್ಕೂ ಎಳೆಯುತ್ತದೆ. ಈ ಎರಡು ಕಡೆಯ ಏಟಿಗೆ ದುಬಾರಿ ದುರ್ಬೀನಿನ ಒಳಗಿನ ಗೆರೆಗಳೂ ಕಳಚಿ ಬೀಳುತ್ತವೆ. ಹತ್ತು ಮೀಟರಿಗೆ ಚಿತ್ರ ಸ್ಪಷ್ಟವಾಗುವಂತೆ ತಿರುಗಿಸಲು ಬರುತ್ತದೆಯೇ ಎಂಬುದನ್ನೂ ನೋಡಿ. ಕೋವಿಯ ದುರ್ಬೀನುಗಳು ಬಹಳಷ್ಟು ನೂರು ಗಜಕ್ಕೆ ಹೊಂದಿಸಿದಂಥವು.

ಗುಂಡಿನ ವಿಷಯ ಬೇಗ ಮುಗಿಸುತ್ತೇನೆ. ಚಪ್ಪಟೆ ಮೂತಿಯದು ಕಾಗದದಲ್ಲಿ ದುಂಡನೆ ತೂತು ಮಾಡುತ್ತದೆ, ಹತ್ತು ಮೀಟರಿಗೆ ಅದೇ. ಇಪ್ಪತ್ತು ಮೀಟರ್ ದಾಟಿದರೆ ಗುಂಡಗಿನ ಮೂತಿಯದು ಹೆಚ್ಚು ನೇರ ಹೋಗುತ್ತದೆ. ಚೂಪು ಮೂತಿಯದು ನೋಡಲು ಚೆಂದ, ಅಷ್ಟೇ. ಮೂರು ಬಗೆಯ ಡಬ್ಬಿ ತಂದು, ಬಂದೂಕನ್ನು ಮರಳಿನ ಚೀಲದ ಮೇಲೆ ಊರಿ, ಪ್ರತಿಯೊಂದರಿಂದ ಹತ್ತು ಹತ್ತು ಹೊಡೆದು, ಯಾವುದರ ತೂತುಗಳು ಹತ್ತಿರ ಹತ್ತಿರ ಬಿದ್ದವೋ ಅದನ್ನೇ ಇಟ್ಟುಕೊಳ್ಳಿ. ನಿಮ್ಮ ನಳಿಗೆಗೆ ಯಾವುದು ಹಿಡಿಸುತ್ತದೆ ಎಂಬುದನ್ನು ನಳಿಗೆಯೇ ಹೇಳಬೇಕು.

ಬರೆ ಇಲ್ಲದೆ ಬಂದೂಕಿಲ್ಲ

ನಿಜವಾಗಿ ಇದನ್ನು ಮೊದಲು ಬರೆಯಬೇಕಿತ್ತು. ಬಂದೂಕು ಕೊಳ್ಳುವ ಮುಂಚೆ ಗುಂಡು ಎಲ್ಲಿ ನಿಲ್ಲುತ್ತದೆ ಎಂದು ತೋರಿಸು ಎಂದು ನಾನು ಅವನನ್ನು ಮನೆಯ ಸುತ್ತ ನಡೆಸಿದೆ. ಅವನು ಕಾಫಿ ಕಣದ ತುದಿ ತೋರಿಸಿದ. ಅದರಾಚೆ ಕಾಫಿ ಗಿಡ, ಆಳೆತ್ತರ. ಅಲ್ಲಿ ಚಿಗುರು ತೆಗೆಯುತ್ತ ಬಗ್ಗಿ ನಿಂತವರು ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಅದರಾಚೆ ತೋಟದ ಕೆಲಸದವರ ಲೈನ್ ಮನೆ, ಮಕ್ಕಳು. ತಪ್ಪಿದ ಏರ್‌ಗನ್ ಗುಂಡು ಎಲೆಗಳನ್ನು ದಾಟಿ ನೂರಾರು ಅಡಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು.

ಕೊನೆಗೆ ಆರಿಸಿದ್ದು ಕೊಟ್ಟಿಗೆಯ ಹಿಂದಿನ ಬರೆ. ಎಂಟಡಿ ಎತ್ತರದ ಮಣ್ಣಿನ ಗೋಡೆ, ಕಲ್ಲಿಲ್ಲ. 2018ರ ಮಳೆಗೆ ಅದರ ಒಂದು ಮಗ್ಗುಲು ಜಾರಿತ್ತು, ಹಾಗಾಗಿ ಈಗ ಬುಡಕ್ಕೆ ಮರಳಿನ ಚೀಲ ಜೋಡಿಸಿದ್ದೇವೆ. ಅದರ ಮುಂದೆ ಹಳೆಯ ರಟ್ಟಿನ ಪೆಟ್ಟಿಗೆಯೊಳಗೆ ಹರಿದ ಬಟ್ಟೆ ತುಂಬಿ ಕಾಗದದ ಗುರಿ ಅಂಟಿಸುತ್ತೇವೆ. ಕಬ್ಬಿಣದ ತಗಡು, ಕಲ್ಲು, ಗಟ್ಟಿ ಮರದ ಕಾಂಡ ಗುರಿಯಾಗಬಾರದು, ಸೀಸ ಪುಟಿದು ಹಿಂದಕ್ಕೇ ಬರುತ್ತದೆ. ಹೊಡೆಯುವವರೂ ನೋಡುವವರೂ ಕನ್ನಡಕ ಹಾಕಬೇಕು. ಹಾದಿಯ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ಆ ದಿನ ತೋಟಕ್ಕೆ ಬಂದವರಿಗೆಲ್ಲ ಹೇಳಿಯೇ ಶುರು ಮಾಡುವುದು.

ಅಭ್ಯಾಸ

ಮೊಲದ ಬೇಟೆಗಾರರಿಂದ ನಾನು ಕಲಿತದ್ದು ಒಂದಿದೆ, ಅದನ್ನು ಒಪ್ಪಿಕೊಳ್ಳಬೇಕು. ಅವರಲ್ಲಿ ಜವಾಬ್ದಾರಿ ಇರುವವರು ಹೀಗೆ ಮಾಡುತ್ತಾರೆ: ಪ್ರಾಣಿ ನರಳದೆ ಸಾಯಬೇಕಾದರೆ ಗುಂಡು ತಲೆಯಲ್ಲಿ ಒಂದಂಗುಲದಷ್ಟು ಜಾಗಕ್ಕೇ ಬೀಳಬೇಕು. ಆದ್ದರಿಂದ ಕಾಗದದ ಮೇಲೆ ನಾಣ್ಯದಳತೆಯ ವೃತ್ತ ಬರೆದು, ಹತ್ತಿರದಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ ಹೊಡೆಯುತ್ತಾರೆ. ಎಲ್ಲ ಗುಂಡೂ ವೃತ್ತದೊಳಗೆ ಬೀಳುವ ಕೊನೆಯ ದೂರವೇ ಅವರ ಮಿತಿ. ಬಂದೂಕು ಎಷ್ಟೇ ಜೋರಿದ್ದರೂ ಅದರಾಚೆ ಟ್ರಿಗರ್ ಮುಟ್ಟುವುದಿಲ್ಲ.

ಕೋಳಿಮೊಟ್ಟೆಯ ಅಡ್ಡಗಲ ನಾಲ್ಕು ಸೆಂಟಿಮೀಟರಿಗಿಂತ ಚೂರು ಹೆಚ್ಚು. ನಾಣ್ಯದ ವೃತ್ತದಲ್ಲಿ ಅಭ್ಯಾಸ ಮಾಡಿದವರಿಗೆ ಮೊಟ್ಟೆ ದೊಡ್ಡದಾಗಿ ಕಾಣುತ್ತದೆ. ಅಣ್ಣನ ಮಗ ಮೊದಲ ದಿನ ಹತ್ತು ಮೀಟರಿನಿಂದ ಹತ್ತರಲ್ಲಿ ಮೂರು ಒಳಗೆ ಹಾಕಿದ. ನಾನು ಅವನನ್ನು ಏಳು ಮೀಟರಿಗೆ ಕರೆತಂದೆ. ಮುಖ ಸಪ್ಪಗಾಯಿತು, ಆದರೆ ಬಂದ.

ಅವನ ತಪ್ಪು ಕೈಯಲ್ಲಿತ್ತು. ಬಂದೂಕನ್ನು ಹಾವಿನ ಕತ್ತು ಹಿಡಿದ ಹಾಗೆ ಹಿಡಿಯುತ್ತಿದ್ದ. ಸ್ಪ್ರಿಂಗ್ ಬಂದೂಕು ಗುಂಡು ಹೊರಬೀಳುವ ಮುಂಚೆಯೇ ಒದೆಯಲು ಶುರು ಮಾಡಿರುತ್ತದೆ. ಬಿಗಿ ಹಿಡಿದರೆ ಪ್ರತಿ ಸಲ ಬೇರೆ ಬೇರೆ ಕಡೆ ತಿರುಚಿಕೊಳ್ಳುತ್ತದೆ. ಎಡ ಅಂಗೈಯನ್ನು ತಟ್ಟೆಯ ಹಾಗೆ ಬಿಡಿಸಿ, ಅದರ ಮೇಲೆ ಬಂದೂಕನ್ನು ಸುಮ್ಮನೆ ಇಡಬೇಕು, ಬೆರಳು ಸುತ್ತಬಾರದು. ಭುಜಕ್ಕೆ ಮೆಲ್ಲನೆ ತಾಗಿಸಬೇಕು. ಅದು ಒದೆಯುವಷ್ಟು ಒದೆಯಲಿ, ಪ್ರತಿ ಸಲವೂ ಒಂದೇ ಥರ ಒದೆಯಲಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರನ್ನು ಎಳೆಯದೆ ಒತ್ತುತ್ತ ಹೋಗಬೇಕು. ಗುಂಡು ಹೋದ ಮೇಲೂ ಒಂದು ಕ್ಷಣ ಕೆನ್ನೆ ಎತ್ತಬಾರದು. ತಗುಲಿತೇ ಎಂದು ತಲೆ ಎತ್ತಿ ನೋಡುವ ಚಪಲ ಎಲ್ಲರಿಗೂ ಇದೆ, ನನಗೂ. ಮೊಟ್ಟೆ ಓಡಿ ಹೋಗುವುದಿಲ್ಲ.

ಬೆರಳು ಬಿಡಿಸಿದ ದಿನ ಏಳು ಮೀಟರಿನಲ್ಲಿ ಹತ್ತಕ್ಕೆ ಎಂಟು. ಆಗಸ್ಟ್ ಮೊದಲ ವಾರಕ್ಕೆ ಹತ್ತು ಮೀಟರಿನಲ್ಲಿ ಒಂಬತ್ತು. ಅಲ್ಲಿಂದ ಹದಿನೈದು ಮೀಟರಿಗೆ ಹೋದಾಗ ಗುಂಡುಗಳು ಕೆಳಗೆ ಬೀಳತೊಡಗಿದವು. ಅದು ಅವನ ತಪ್ಪಲ್ಲ. ನನ್ನ ಬಂದೂಕನ್ನು ಹತ್ತು ಮೀಟರಿಗೆ ಹೊಂದಿಸಿದ್ದರೆ ಇಪ್ಪತ್ತೈದು ಮೀಟರಿನಲ್ಲಿ ಗುಂಡು ಸುಮಾರು ಮೂರು ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಮೊಟ್ಟೆಯ ನಡುವಿಗೆ ಗುರಿಯಿಟ್ಟರೆ ಅದು ಕೂತಿರುವ ಬಿದಿರಿಗೆ ಬೀಳುತ್ತದೆ. ಸ್ಪರ್ಧೆಯ ದೂರ ಊರಿಂದ ಊರಿಗೆ ಬೇರೆ. ಮೊದಲೇ ಕೇಳಿ ತಿಳಿದು, ಅಷ್ಟೇ ದೂರಕ್ಕೆ ಸೈಟ್ ಹೊಂದಿಸಿಕೊಳ್ಳಿ. ಗೊತ್ತಾಗದಿದ್ದರೆ ಐದೈದು ಮೀಟರಿಗೆ ಎಷ್ಟು ಇಳಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಬಂದೂಕಿನ ಹಿಂಬದಿಗೆ ಅಂಟಿಸಿ. ನನ್ನದರ ಮೇಲೆ ಇರುವ ಚೀಟಿ 1994ರ ಪಂಚಾಂಗದ ಹಿಂಬದಿ.

ಮಳೆಗಾಲದ ಆರೈಕೆ

ಕೊಡಗಿನಲ್ಲಿ ಏರ್‌ಗನ್ ಹಾಳಾಗುವುದು ಹೊಡೆದು ಅಲ್ಲ, ಇಟ್ಟು. ಜೊತೆಗೆ ಬಂದ ಚೀಲದೊಳಗೆ ಸ್ಪಂಜ್ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೇವ ಹೀರಿಕೊಂಡು ನಳಿಗೆಯನ್ನು ತಬ್ಬಿಕೊಂಡಿರುತ್ತದೆ. ಪೇಟೆಯಿಂದ ತಂದ ಹೊಸ ಬಂದೂಕನ್ನು ಅಣ್ಣನ ಮಗ ಚೀಲದಲ್ಲಿಯೇ ಇಟ್ಟು ಹನ್ನೆರಡು ದಿನ ಬೆಂಗಳೂರಿಗೆ ಹೋಗಿದ್ದ. ಬಂದು ತೆಗೆದಾಗ ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಚುಕ್ಕೆ. ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ಉಜ್ಜಿ ಅಷ್ಟೂ ಹೋಯಿತು, ಹಿಂದಿನ ಸೈಟಿನ ಕೆಳಗೆ ಒಂದು ಗುರುತು ಉಳಿದಿದೆ.

ಹೊರಗಡೆ ತೆಳ್ಳಗೆ ಬಂದೂಕಿನೆಣ್ಣೆ ಸವರಿ, ಅಡುಗೆಮನೆಯ ಒಲೆಯ ಕಡೆಯ ಗೋಡೆಗೆ, ಬೆಂಕಿಯ ಬಿಸಿ ನೇರವಾಗಿ ತಾಗದ ಹಾಗೆ, ತೆರೆದೇ ತೂಗುಹಾಕುತ್ತೇನೆ. ಮಕ್ಕಳು ಬರುವ ದಿನ ಅದು ಬೀರುವಿಗೆ ಹೋಗುತ್ತದೆ, ಬೀಗದ ಕೈ ನನ್ನ ಬಳಿ. ಬೆವರಿದ ಕೈಯಲ್ಲಿ ಮುಟ್ಟಿದ ಮೇಲೆ ಒರೆಸದೆ ಇಡಬಾರದು. ಪಿಸ್ಟನ್ನಿನ ಕೊಳವೆಯೊಳಗೆ ಮಾತ್ರ ಸಿಕ್ಕ ಎಣ್ಣೆ ಬಿಡಬೇಡಿ. ಒತ್ತಿದ ಗಾಳಿ ಬಿಸಿಯಾಗಿ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆ ಹೊತ್ತಿಕೊಳ್ಳುತ್ತದೆ, ಢಮ್ಮೆಂದು ಸದ್ದು, ನಳಿಗೆಯಲ್ಲಿ ಹೊಗೆ. ಹುಡುಗರಿಗೆ ಅದು ಖುಷಿ, ಸ್ಪ್ರಿಂಗಿಗೆ ಮರಣ. ಮರದ ಭಾಗವನ್ನು ಹಿಡಿದಿರುವ ಸ್ಕ್ರೂಗಳು ಒದೆತಕ್ಕೆ ಸಡಿಲವಾಗುತ್ತವೆ. ನೂರು ಗುಂಡಿಗೊಮ್ಮೆ ತಿರುಗಿಸಿ ನೋಡಿ. ಇದ್ದಕ್ಕಿದ್ದಂತೆ ಗುರಿ ಕೆಟ್ಟರೆ ನಾನು ಮೊದಲು ನೋಡುವುದು ಆ ಸ್ಕ್ರೂವನ್ನು, ಆಮೇಲೆ ಕಣ್ಣಿನ ಡಾಕ್ಟರನ್ನು. ದುರ್ಬೀನು ಇದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಕಳಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಿ.

ಗುಂಡು ಸೀಸದ್ದು. ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ತೆಗೆಯುವ ಹಳೆಯ ಚಾಳಿ ನಮ್ಮೂರಿನಲ್ಲಿ ಇನ್ನೂ ಇದೆ. ಅಪ್ಪನಿಗೂ ಇತ್ತು. ಬೇಡ. ಅಭ್ಯಾಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆದೇ ಕಡಂಬುಟ್ಟಿಗೆ, ಅಂದರೆ ನಮ್ಮ ಅಕ್ಕಿ ತರಿಯ ಉಂಡೆಗೆ, ಕೈ ಹಾಕಬೇಕು.

ಸೆಪ್ಟೆಂಬರ್ 3ರಂದು ಮಧ್ಯಾಹ್ನ ಮೈದಾನದಲ್ಲಿ ಹನಿ ಬೀಳುತ್ತಿತ್ತು. ಹದಿನೈದು ಮೀಟರ್, ಮೂರು ಗುಂಡು. ಅವನ ಮೊದಲನೆಯದು ಬಿದಿರಿಗೆ ತಗುಲಿತು, ಎರಡನೆಯದು ಎಲ್ಲಿಗೆ ಹೋಯಿತೋ ಬರೆಗೇ ಗೊತ್ತು. ಅವನು ತಿರುಗಿ ನನ್ನತ್ತ ನೋಡಿದ. ನ್ಯಾಯವಾಗಿ ನಾನು ಏನೂ ಹೇಳುವಂತಿರಲಿಲ್ಲ, ಎಡ ಅಂಗೈಯನ್ನು ಮಾತ್ರ ಬಿಡಿಸಿ ತೋರಿಸಿದೆ. ಮೂರನೆಯದಕ್ಕೆ ಹಳದಿ ಬಿದಿರಿನ ಮೇಲೆಲ್ಲ ಇಳಿಯಿತು. ಸ್ಟೀಲ್ ಡಬ್ಬಿ ಬೇರೆ ಯಾರಿಗೋ ಹೋಯಿತು, ಅವರ ಮೂರೂ ಒಡೆದಿದ್ದವು.

ಸಂಜೆ ಗದ್ದೆಯ ಬದುವಿನ ಮೇಲೆ ಹಿಂದಿರುಗುವಾಗ ಮೂವತ್ತು ಗಜ ಮುಂದೆ ಒಂದು ಕಾಡುಮೊಲ ಎದ್ದು ನಿಂತಿತು. ಬಂದೂಕು ಅವನ ಹೆಗಲಲ್ಲಿ, ಚೀಲದೊಳಗೆ ಇತ್ತು. “ಅತ್ತೆ, ಇದು ನನ್ನ ಮಿತಿಗಿಂತ ದೂರ,” ಎಂದ. ಮೊಲ ಎರಡು ನೆಗೆತಕ್ಕೆ ಬೀನ್ಸ್ ಸಾಲಿನ ಕಡೆಗೆ ಹೋಯಿತು. ಬಲೆಯ ಒಂದು ಮೂಲೆಯ ಕಲ್ಲು ಸರಿದಿದ್ದು ನನಗೆ ಆಗ ನೆನಪಾಯಿತು.